ಒಂಬತ್ತು ನೋವಿನ ಪುಸ್ತಕಗಳು

ಶುಕ್ರವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸಿನ ಒಂದು ಕೈಯಲ್ಲಿ ಶಾಲೆಯ ಉತ್ತರಪತ್ರಿಕೆಗಳ ಚೀಲವಿತ್ತು, ಇನ್ನೊಂದು ಕೈಯಲ್ಲಿ ಗಂಡಸರ ಕನ್ನಡಕದ ಡಬ್ಬಿ. ಬೆಳಗಿನಿಂದ ಎರಡನ್ನೂ ಎಲ್ಲಾದರೂ ಕೆಳಗಿಡಬಹುದು ಎಂಬುದು ಅವಳಿಗೆ ಹೊಳೆದಂತಿರಲಿಲ್ಲ. ದಫೇದಾರರು ಕುರ್ಚಿ ತೋರಿಸಿದರೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. "ದೂರು ಬರ್ಕೊಳ್ಳಿ," ಎಂದಳು, ಹಾಜರಿ ಕೂಗುವ ದನಿಯಲ್ಲಿ.

ಇನ್‌ಸ್ಪೆಕ್ಟರ್ ಬರೆದುಕೊಂಡರು. ಅವರದೊಂದು ಅಭ್ಯಾಸವಿತ್ತು. ಏನೇ ಇರಲಿ, ಮೊದಲು ಪೆನ್ಸಿಲಿನಲ್ಲಿ ಬರೆಯುವುದು. ಖಾತ್ರಿಯಾದ ಮೇಲೆ ಪೆನ್ನು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಾಹೇಬರು ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ ಎಂದು ದಫೇದಾರರು ಅವರ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೂ ನಗುತ್ತಿದ್ದರು.

ದೂರಿನ ಸಾರ ಇಷ್ಟು. ಬಂದವಳು ಶಾಲೆಯ ಟೀಚರ್. ತಂದೆ ನಿವೃತ್ತ ಬಸ್ ಡ್ರೈವರ್, ವಯಸ್ಸು ಎಪ್ಪತ್ತೊಂದು. ಬೆನ್ನುಮೂಳೆಗೆ ಎರಡು ಸಲ ಆಪರೇಷನ್ ಆಗಿತ್ತು, ಎರಡು ಸಲವೂ ನೋವು ಜಗ್ಗಿರಲಿಲ್ಲ. ಎರಡು ವರ್ಷದಿಂದ ನೋವಿನ ಕ್ಲಿನಿಕ್ಕಿನ ಮಾರ್ಫಿನ್ ಮಾತ್ರೆ, ದಿನಕ್ಕೆ ನಾಲ್ಕು ಹೊತ್ತು. ನಿನ್ನೆ ಗುರುವಾರ ಸಂಜೆ ನಾಲ್ಕಕ್ಕೆ ಅವಳೇ ಹೋಗಿ ವಾರದ ಮಾತ್ರೆ ತಂದಿದ್ದಳು. ಸಂಜೆ ಆರಕ್ಕೆ ಒಂದು ಪೊಟ್ಟಣ, ಮಲಗುವಾಗೊಂದು, ಬೆಳಿಗ್ಗೆ ಐದೂವರೆಗೊಂದು. ಏಳಕ್ಕೆ ಕಾಫಿ ಹಿಡಿದು ಹೋದರೆ ಅಪ್ಪ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ತುಟಿ ನೀಲಿಗಟ್ಟಿತ್ತು, ಉಸಿರು ನಿಮಿಷಕ್ಕೆ ಐದೋ ಆರೋ. ಆಸ್ಪತ್ರೆಯವರು ಪ್ರತಿಮದ್ದಿನ ಇಂಜೆಕ್ಷನ್ ಕೊಟ್ಟ ಮೇಲೆ ಎಂಟು ನಲವತ್ತಕ್ಕೆ ಕಣ್ಣು ಬಿಟ್ಟರು.

"ಎರಡು ತಿಂಗಳಲ್ಲಿ ಹೊತ್ತಿಗೆ ಎರಡು ಮಾತ್ರೆ ಇದ್ದಿದ್ದು ನಾಲ್ಕಾಯ್ತು ಸಾರ್. ನೋವು ಅಂದ್ರೆ ಸಾಕು, ಇನ್ನೊಂದು ಮಾತ್ರೆ ಜಾಸ್ತಿ. ಆ ಡಾಕ್ಟರಮ್ಮ ನಮ್ಮಪ್ಪನ ಪ್ರಾಣ ತೆಗೀತಿದ್ರು. ಅವರನ್ನ ಅರೆಸ್ಟ್ ಮಾಡಿ."

"ನಾಲ್ಕು ಮಾತ್ರೆ ಯಾವಾಗಿಂದ?"

"ಮೂರು ವಾರ ಆಯ್ತು."

"ಈ ಮೂರು ವಾರ ಅಪ್ಪ ಹೇಗಿದ್ರು?"

"ಹೇಗಿರ್ತಾರೆ? ನೋವು, ನೋವು. ಕಣ್ಣಿಗೆ ಕಣ್ಣು ಹತ್ತಿಲ್ಲ."

ಪೆನ್ಸಿಲು ನಿಂತಿತು. "ಮೂರು ವಾರ ನಾಲ್ಕು ಮಾತ್ರೆ ನುಂಗಿ ನಿದ್ದೆ ಬರದೆ ಒದ್ದಾಡಿದೋರಿಗೆ, ನಿನ್ನೆ ಅದೇ ನಾಲ್ಕಕ್ಕೆ ಉಸಿರೇ ನಿಲ್ಲೋ ಹಾಗಾಯ್ತಾ?"

ಟೀಚರ್ ಕುರ್ಚಿ ಎಳೆದುಕೊಂಡು ಕೂತಳು.

ಹನ್ನೊಂದು ಐವತ್ತಕ್ಕೆ ಎಫ್.ಐ.ಆರ್ ದಾಖಲಾಯಿತು. ಆರೋಪಿ: ನೋವಿನ ಕ್ಲಿನಿಕ್ಕಿನ ಡಾಕ್ಟರಮ್ಮ. ಆರೋಪ: ನಿರ್ಲಕ್ಷ್ಯದಿಂದ ಮಿತಿಮೀರಿ ಔಷಧ ಕೊಟ್ಟು ಜೀವಕ್ಕೆ ಅಪಾಯ ತಂದದ್ದು. ಹನ್ನೆರಡೂಕಾಲಿಗೆಲ್ಲ ಮೇಲಧಿಕಾರಿಗಳ ಫೋನು ಬಂತು. ಆಸ್ಪತ್ರೆಯ ಮುಂದೆ ಪತ್ರಿಕೆಯವರು ಸೇರಿದ್ದಾರಂತೆ, ಡಾಕ್ಟರಮ್ಮನನ್ನು ಇವತ್ತೇ ಒಳಗೆ ಹಾಕಿದರೆ ಬಾಯಿ ಮುಚ್ಚಿಸಬಹುದಂತೆ.

"ಇನ್ನೂ ಪೆನ್ಸಿಲಲ್ಲೇ ಇದೆ ಸಾರ್," ಎಂದು ಇನ್‌ಸ್ಪೆಕ್ಟರ್ ಫೋನಿಟ್ಟರು.

ಮಧ್ಯಾಹ್ನ ಒಂದೂಕಾಲಿಗೆ ಟೀಚರ್ ಮನೆಯಲ್ಲಿ ಪಂಚನಾಮೆ. ಪಕ್ಕದ ಮನೆಯ ಇಬ್ಬರು ಪಂಚರು. ಅಡುಗೆಮನೆಯ ಶೆಲ್ಫಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ. ಅದರೊಳಗೆ ಇಪ್ಪತ್ತೈದು ಕಾಗದದ ಪೊಟ್ಟಣ. ಪ್ರತಿಯೊಂದರ ಮೇಲೂ ವಾರ, ಹೊತ್ತು. ಪ್ರತಿಯೊಂದರ ಬಾಯಿಗೂ ಸ್ಟೇಪ್ಲರ್ ಪಿನ್ನು. ಪ್ರತಿಯೊಂದರೊಳಗೂ ನಾಲ್ಕು ಪುಟ್ಟ ಬಿಳಿ ಮಾತ್ರೆ. ವಯಸ್ಸಾದ ರೋಗಿಗಳು ಬಾಟಲಿಯಿಂದ ತಪ್ಪಾಗಿ ಎಣಿಸಿಕೊಂಡು ನುಂಗಬಾರದೆಂದು ಕ್ಲಿನಿಕ್ಕಿನವರೇ ವಾರದ ಇಪ್ಪತ್ತೆಂಟು ಹೊತ್ತಿಗೂ ಬೇರೆಬೇರೆ ಪೊಟ್ಟಣ ಕಟ್ಟಿಕೊಡುತ್ತಿದ್ದರು.

ಡಬ್ಬದ ಪಕ್ಕದಲ್ಲಿ ನೂರು ಪುಟದ ನೋಟ್ ಪುಸ್ತಕವಿತ್ತು. ಕ್ಲಿನಿಕ್ಕಿನ ಪ್ರತಿ ರೋಗಿಗೂ ಇಂಥದ್ದೊಂದು ಕೊಡುತ್ತಾರಂತೆ. ಬೆಳಿಗ್ಗೆ ಒಂದು ಅಂಕಿ, ಸಂಜೆ ಒಂದು ಅಂಕಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ಡ್ರೈವರು ಟ್ರಿಪ್ ಶೀಟು ತುಂಬಿದ ಹಾಗೆ ಗಂಟೆ ನಿಮಿಷ ಸಮೇತ ಬರೆದಿದ್ದರು. ಎರಡು ವರ್ಷ ನಾಲ್ಕು, ಮೂರು, ನಾಲ್ಕು ಎಂದು ಸಮಾಧಾನವಾಗಿ ಹೋಗುತ್ತಿದ್ದ ಅಂಕಿ ಎಂಟು ವಾರದ ಹಿಂದೆ ಇದ್ದಕ್ಕಿದ್ದಂತೆ ಏಳಕ್ಕೆ ಜಿಗಿದಿತ್ತು. ಆಮೇಲೆ ಇಳಿದೇ ಇರಲಿಲ್ಲ.

"ಕ್ಲಿನಿಕ್ಕಿನಲ್ಲಿ ಒಬ್ರಾದ್ರೂ ಮನುಷ್ಯರಿದಾರೆ ಅಂದ್ರೆ ಕಾಂಪೌಂಡರ್ ಸಾರ್," ಎಂದಳು ಟೀಚರ್. "ಬೆಳಿಗ್ಗೆ ನಾನು ಯಾರಿಗೂ ಹೇಳೋಕೆ ಮುಂಚೆ ಆಸ್ಪತ್ರೆಗೆ ಓಡಿಬಂದ್ರು. ವಾರ್ಡಿನಿಂದ ಕ್ಲಿನಿಕ್ಕಿಗೆ ಫೋನು ಹೋಗಿತ್ತಂತೆ. ಉಳಿದ ಪೊಟ್ಟಣ ಅಪ್ಪನಿಗೆ ಕೊಡಬೇಡಿ, ನನ್ನ ಕೈಗೇ ತಂದುಕೊಡಿ ಅಂದ್ರು."

"ಏನಾಯ್ತು ಅಂತ ಕೇಳಿದ್ರಾ?"

"ಇಲ್ಲ. ಎಷ್ಟು ಪೊಟ್ಟಣ ಕೊಟ್ರಿ ಅಂತ ಕೇಳಿದ್ರು."

"ಯಾರ ತಪ್ಪು ಅಂತ?"

ಅವಳು ಯೋಚಿಸಿದಳು. "ಅದನ್ನ ಕೇಳಲೇ ಇಲ್ಲ. ಎಲ್ರೂ ಕೇಳಿದ್ರು, ಅವರೊಬ್ರು ಕೇಳಲಿಲ್ಲ."

ಇನ್‌ಸ್ಪೆಕ್ಟರ್ ಅದನ್ನೂ ಪೆನ್ಸಿಲಿನಲ್ಲಿ ಬರೆದರು.

ಮೂರೂವರೆಗೆ ಕ್ಲಿನಿಕ್ಕು. ಆಸ್ಪತ್ರೆಯ ಕಾಂಪೌಂಡಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಶೆಡ್ಡಿನ ಪಕ್ಕ, ಎರಡೇ ಕೋಣೆ. ಒಂದರಲ್ಲಿ ಡಾಕ್ಟರಮ್ಮ, ಇನ್ನೊಂದರಲ್ಲಿ ಬೀರು, ಮೇಜು, ಕಾಂಪೌಂಡರ್ ಮತ್ತು ನರ್ಸ್. ಬೀರುವಿಗೆ ಎರಡು ಬೀಗ: ಒಂದರ ಕೀಲಿ ಡಾಕ್ಟರಮ್ಮನ ಸೆರಗಿನಲ್ಲಿ, ಇನ್ನೊಂದರದು ಕಾಂಪೌಂಡರ್ ಜೇಬಿನಲ್ಲಿ. ಒಬ್ಬರಿಲ್ಲದೆ ಇನ್ನೊಬ್ಬರು ತೆಗೆಯುವ ಹಾಗಿಲ್ಲ. ದಫೇದಾರರು ರಿಜಿಸ್ಟರು ಹಿಡಿದು ಬೀರುವಿನ ಮುಂದೆ ಎರಡು ತಾಸು ಮಂಡಿಯೂರಿ ಕೂತರು. ಒಂದು ಮಾತ್ರೆಯೂ ಹೆಚ್ಚುಕಡಿಮೆ ಇರಲಿಲ್ಲ. ಏಳುವಾಗ ಅವರ ಮಂಡಿ ಲಟಕ್ಕೆಂದಿತು; ನೋವಿನ ಕ್ಲಿನಿಕ್ಕಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಡಾಕ್ಟರಮ್ಮನಿಗೆ ಐವತ್ತರ ಮೇಲೆ ವಯಸ್ಸು. ಎದುರಿಗೆ ಪೊಲೀಸರು ಕೂತಿದ್ದರೂ ಮುಖದಲ್ಲಿ ಗಾಬರಿಗಿಂತ ಆಯಾಸವೇ ಹೆಚ್ಚು ಕಾಣುತ್ತಿತ್ತು.

"ಮಾತ್ರೆ ಯಾಕೆ ಜಾಸ್ತಿ ಮಾಡಿದ್ರಿ?"

"ಹಿಡೀತಿಲ್ಲ ಅಂದ್ರು. ಮೈ ಒಗ್ಗಿಹೋಗಿದೆ ಅಂದ್ಕೊಂಡೆ. ರೈಲು ಹಳಿ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಹೋದೋರಿಗೆ ಮೊದಲು ನಿದ್ದೇನೇ ಬರಲ್ಲ. ಆಮೇಲೆ ರೈಲು ಹೋಗಿದ್ದೇ ಗೊತ್ತಾಗಲ್ಲ, ಅಲ್ವಾ? ಈ ಮದ್ದಿಗೂ ಹಾಗೇ. ವರ್ಷಗಟ್ಟಲೆ ತಗೊಂಡ್ರೆ ಮೈ ಅದನ್ನ ಕಿವಿಗೇ ಹಾಕಿಕೊಳ್ಳಲ್ಲ."

"ಆಗ ಜಾಸ್ತಿ ಮಾಡ್ತಾ ಹೋಗ್ತೀರಿ."

"ಒಂದೆರಡು ಸಲ. ಆಮೇಲೆ ನಿಲ್ಲಿಸ್ತೀನಿ. ನಿಧಾನವಾಗಿ ಇಳಿಸ್ತೀನಿ, ಇಲ್ಲಾ ಬೇರೆ ಮದ್ದಿಗೆ ಬದಲಾಯಿಸ್ತೀನಿ. ಸ್ವಲ್ಪ ನೋವು ಉಳಿಯುತ್ತೆ, ಅದರ ಜೊತೆ ಬದುಕೋದನ್ನ ಕಲಿಸ್ತೀವಿ. ಅದನ್ನ ಹೇಳಿದ ದಿನ ಅವರ ಕಣ್ಣಿಗೆ ನಾನು ರಾಕ್ಷಸಿ."

"ಆ ರೈಲಿನ ಮನೆ ಬಿಟ್ಟು ಎರಡು ತಿಂಗಳು ಬೇರೆ ಕಡೆ ಇದ್ದು, ವಾಪಸ್ ಅದೇ ಮನೆಗೆ ಬಂದ್ರೆ?"

"ಮತ್ತೆ ಮೊದಲ ದಿನದ ಹಾಗೇ. ಬೆಚ್ಚಿಬೀಳ್ತಾರೆ." ಡಾಕ್ಟರಮ್ಮ ಮಾತು ನಿಲ್ಲಿಸಿ ಇನ್‌ಸ್ಪೆಕ್ಟರರ ಮುಖ ನೋಡಿದರು. "ಆದ್ರೆ ಡ್ರೈವರು ಎಲ್ಲೂ ಹೋಗಿರಲಿಲ್ಲವಲ್ಲ. ಪೂರ್ತಿ ಮಾತ್ರೆ ತಗೋತಾನೇ ಇದ್ರಲ್ಲ."

ಇನ್‌ಸ್ಪೆಕ್ಟರ್ ಪೆನ್ಸಿಲು ಜೇಬಿಗಿಟ್ಟು ಎದ್ದರು. ಹೊರಗೆ ಬರುವಾಗ ಕಾಂಪೌಂಡರ್ ಮೇಜಿನ ಮುಂದೆ ಖಾಲಿ ಕಾಗದದ ಚೂರುಗಳನ್ನು ಸರಿಮಾಡುತ್ತಿದ್ದ. ನಲವತ್ತು ದಾಟಿದ, ತೆಳ್ಳಗಿನ, ಸದ್ದಿಲ್ಲದ ಮನುಷ್ಯ. ಅಂಗಿ ಮುದುಡಿ ಮುದ್ದೆಯಾಗಿತ್ತು. ಬೆರಳುಗಳು ಮಾತ್ರ ಅವನ ಪರಿವೆಯೇ ಇಲ್ಲದ ಹಾಗೆ ಒಂದು ಚೂರನ್ನು ಮೂರು ಮಡಿಕೆ ಮಡಚಿ, ತುದಿಯನ್ನು ಉಗುರಿನಿಂದ ಒಳಗೆ ಸಿಕ್ಕಿಸಿ, ಪೊಟ್ಟಣ ಮಾಡಿ ಪಕ್ಕಕ್ಕಿಟ್ಟವು. ಒಳಗೆ ಏನೂ ಇರಲಿಲ್ಲ.

"ಪಿನ್ನು ಹೊಡೆಯಲ್ವಾ?"

"ಬೇಡ ಸಾರ್. ಎಸೆದ್ರೂ ಬಿಚ್ಕೊಳ್ಳಲ್ಲ."

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಡ್ರೈವರು ವಾರ್ಡಿನ ಮಂಚದ ಮೇಲೆ ದಿಂಬಿಗೆ ಒರಗಿ, ಎದುರಿನ ಗೋಡೆಯನ್ನು ರಸ್ತೆಯಂತೆ ದಿಟ್ಟಿಸುತ್ತಿದ್ದರು. ಮಗಳು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಮಾತ್ರೆ ಒಂದು ಹೊತ್ತೂ ತಪ್ಪಿಸ್ತಿರಲಿಲ್ವಾ?"

ಮುದುಕರು ಮಗಳ ಕಡೆ ಕಳ್ಳನೋಟ ಬೀರಿದರು. "ಅವಳು ಬೈತಾಳೆ."

"ನಾನು ಬೈಯಲ್ಲ ಅಪ್ಪ, ಹೇಳಿ."

"ಮಧ್ಯಾಹ್ನದ್ದು ಕೆಲವು ಸಲ ಬಿಟ್ಟಿದೀನಿ. ಹೇಗಿದ್ರೂ ಹಿಡೀತಿರಲಿಲ್ಲ. ಹಾಳುಮಾಡೋದ್ಯಾಕೆ? ಮುಂದೆ ಇನ್ನೂ ಕೆಟ್ಟ ದಿನ ಬಂದ್ರೆ ಎರಡು ಪೊಟ್ಟಣ ಒಟ್ಟಿಗೆ ನುಂಗೋಣ ಅಂತ ಎತ್ತಿಟ್ಟಿದ್ದೆ. ಉಳಿದಿದ್ದನ್ನ ವಾಪಸ್ ಕೊಡಬೇಕು ಅಂತ ಕ್ಲಿನಿಕ್ಕಲ್ಲಿ ರೂಲ್ಸಿದೆ. ಕೊಟ್ರೆ ನಾಳೆಯಿಂದ ಕಡಿಮೆ ಮಾಡ್ತಾರೆ. ಕೊಡ್ತಾರೇನ್ರೀ ಯಾರಾದ್ರೂ?"

"ಎಲ್ಲಿ ಎತ್ತಿಟ್ಟಿದೀರಿ?"

"ಕನ್ನಡಕದ ಡಬ್ಬೀಲಿ. ಬಟ್ಟೆ ಕೆಳಗೆ."

ಟೀಚರ್ ಚೀಲದಿಂದ ಡಬ್ಬಿ ಹೊರತೆಗೆದಳು. ಶುಕ್ರವಾರ ಇಡೀ ದಿನ ಅವಳು ಎದೆಗವಚಿಕೊಂಡು ತಿರುಗಿದ ಡಬ್ಬಿ ಅದೇ. ಮುಖ್ಯ ಸಾಕ್ಷ್ಯ ತಾನಾಗಿ ಠಾಣೆಗೆ ಬಂದು, ಇನ್‌ಸ್ಪೆಕ್ಟರರ ಮೂಗಿನ ಕೆಳಗೆ ಅರ್ಧ ಗಂಟೆ ಕೂತು, ವಾಪಸ್ ಹೋಗಿತ್ತು. ಈ ವಿಷಯ ಪಂಚನಾಮೆಯಲ್ಲಿ ಬರಬೇಕಾಗಿಲ್ಲ ಎಂದು ಇನ್‌ಸ್ಪೆಕ್ಟರ್ ತೀರ್ಮಾನಿಸಿದರು. ದಫೇದಾರರು ಅದನ್ನು ಇಡೀ ಠಾಣೆಗೆ ಹೇಳಬೇಕೆಂದು ತೀರ್ಮಾನಿಸಿದರು.

ಹತ್ತು ನಲವತ್ತಕ್ಕೆ ವಾರ್ಡಿನಲ್ಲೇ ಎರಡನೆಯ ಪಂಚನಾಮೆ. ಡಬ್ಬಿಯೊಳಗಿನ ಮೆತ್ತನೆ ಬಟ್ಟೆಯ ಕೆಳಗೆ ಐದು ಪೊಟ್ಟಣ, ಎಲ್ಲವೂ ಹಿಂದಿನ ಮೂರು ವಾರದವು. ಒಂದಕ್ಕೂ ಪಿನ್ನಿರಲಿಲ್ಲ, ಮೂರು ಮಡಿಕೆ, ತುದಿ ಒಳಗೆ. ಇನ್‌ಸ್ಪೆಕ್ಟರ್ ಒಂದನ್ನು ಬಿಚ್ಚಿ ಬಿಳಿ ಹಾಳೆಯ ಮೇಲೆ ಸುರಿದರು. ನಾಲ್ಕು ಮಾತ್ರೆ. ಕಿಟಕಿಯ ಬೆಳಕಿಗೆ ಹಿಡಿದಾಗ ಒಂದರ ಅಂಚು ಪಿನ್ನಿನ ಪೊಟ್ಟಣದವುಗಳ ಹಾಗೆ ಚೂಪಾಗಿಯೂ ಮೂರರ ಅಂಚು ಕೊಂಚ ದುಂಡಗೂ ಕಂಡವು. ನೋವಿನಲ್ಲಿ ಒದ್ದಾಡುವವನು ಮಾತ್ರೆಯ ಅಂಚು ನೋಡುವುದಿಲ್ಲ, ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾನೆ. ಪೊಟ್ಟಣಗಳಿಗೆ ಅರಗಿನ ಮೊಹರು ಬಿತ್ತು. ಮಡಚಿದ್ದು ಎರಡು, ಪಿನ್ನಿನದು ಎರಡು, ಅಂದೇ ಪ್ರಯೋಗಾಲಯಕ್ಕೆ ಹೋದವು.

ಅದೇ ದಿನ ಹನ್ನೆರಡು ಗಂಟೆಗೆ ನರ್ಸಿನ ಹೇಳಿಕೆ.

"ಗುರುವಾರ ಪೊಟ್ಟಣ ಕಟ್ಟಿದ್ದು ಯಾರು?"

"ಬೆಳಿಗ್ಗೆ ಬೇರೆಯವರದ್ದೆಲ್ಲ ಕಾಂಪೌಂಡರಣ್ಣ ಕಟ್ಟಿದ್ರು. ಮೂರು ಗಂಟೆಗೆ ಅವರಿಗೆ ಪಕ್ಕದ ಮನೆಯಿಂದ ಫೋನು ಬಂತು, ಅವರಕ್ಕ ಬಚ್ಚಲಲ್ಲಿ ಬಿದ್ರು ಅಂತ. ಹಾಗೇ ಓಡಿದ್ರು. ಡ್ರೈವರ್ ಮಗಳು ಸ್ಕೂಲು ಮುಗಿಸಿ ನಾಲ್ಕಕ್ಕೆ ಬರ್ತಾರೆ. ಅವರದ್ದೊಂದು ಉಳಿದಿತ್ತು. ಮಾತ್ರೆ ಬೆಳಿಗ್ಗೆಯೇ ಬೀರುವಿನಿಂದ ಎಣಿಸಿ ತೆಗೆದಿಟ್ಟಿದ್ರು, ನಾನು ಕಟ್ಟಿದೆ. ನನಗೆ ಅವರ ಥರ ಮಡಚೋಕೆ ಬರಲ್ಲ, ಅದಕ್ಕೇ ಪಿನ್ನು ಹೊಡೆದೆ." ಅವಳ ಕಣ್ಣು ತುಂಬಿತು. "ಎಣಿಸಿ ನಾಲ್ಕು ನಾಲ್ಕೇ ಹಾಕಿದೀನಿ ಸಾರ್. ಚೀಟಿಯಲ್ಲಿ ಇದ್ದಷ್ಟೇ."

"ಗೊತ್ತಮ್ಮ. ನೀನು ಸರಿಯಾಗೇ ಹಾಕಿದೀಯ. ಅದಕ್ಕೇ ಅವರಿಗೆ ಹಾಗಾಯ್ತು."

ನರ್ಸು ಪಿಳಿಪಿಳಿ ನೋಡಿದಳು. ಹೊರಗೆ ಬಂದ ಮೇಲೆ ದಫೇದಾರರೂ ಅದೇ ಥರ ನೋಡಿದರು. ಇನ್‌ಸ್ಪೆಕ್ಟರ್ ಜೀಪಿನ ಬಾನೆಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಎಂಟು ವಾರ ಡ್ರೈವರ ಪೊಟ್ಟಣದಲ್ಲಿ ಅಸಲಿ ಮಾತ್ರೆ ಒಂದೇ. ಚೀಟಿಯಲ್ಲಿ ಎರಡಿದ್ದಾಗಲೂ ಒಂದೇ, ಮೂರಾದಾಗಲೂ ಒಂದೇ, ನಾಲ್ಕಾದಾಗಲೂ ಒಂದೇ. ಅವರ ಮೈ ಒಂದಕ್ಕೆ ಇಳಿದಿತ್ತು. ಗುರುವಾರ ಒಂದೇ ಏಟಿಗೆ ನಾಲ್ಕೂ ಅಸಲಿ.

"ಅಂದ್ರೆ ಅಪರಾಧ ಮಾಡಿದೋನು ಅವತ್ತು ಸ್ಥಳದಲ್ಲಿ ಇರಲಿಲ್ಲ, ಇರಲಿಲ್ಲ ಅಂತಲೇ ಅಪರಾಧ ಹೊರಬಿತ್ತು," ಎಂದರು ದಫೇದಾರರು. ಆಮೇಲೆ ಹುಬ್ಬು ಗಂಟಿಕ್ಕಿ, "ಹಿಡ್ಕೊಂಡು ಬರೋಣ್ವಾ? ಎಲ್ಲೋ ಮಾರ್ತಿದಾನೆ ಬಡ್ಡಿಮಗ."

"ಮಾರ್ತಿದಾನೋ ಇಲ್ವೋ, ಆ ಮಾತ್ರೆ ಎಲ್ಲಿ ಹೋಗ್ತಿದೆ ಅಂತ ಮೊದಲು ಗೊತ್ತಾಗ್ಲಿ. ಅದಕ್ಕಿಂತ ಮುಂಚೆ ಇನ್ನೊಂದಿದೆ. ಡ್ರೈವರೊಬ್ಬರಿಗೇ ಹೀಗೆ ಮಾಡಿದಾನಾ? ಬೇರೆಯವರ ಪೊಟ್ಟಣಾನೂ ಹೀಗೇ ಇದ್ರೆ, ಬರೋ ಗುರುವಾರ ಯಾರಾದ್ರೂ ಪ್ರಾಮಾಣಿಕವಾಗಿ ಮಾತ್ರೆ ಕಟ್ಟಿದ್ರೆ ಸಾಕು, ಅವರೂ ಹೋದ್ರು."

ದಫೇದಾರರ ಮುಖದ ನಗು ಇಂಗಿತು. ಪೊಲೀಸು ಕೆಲಸದಲ್ಲಿ ಪ್ರಾಮಾಣಿಕತೆಗೆ ಹೆದರಬೇಕಾದ ಪ್ರಸಂಗ ಅವರಿಗೆ ಅದೇ ಮೊದಲು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕ್ಲಿನಿಕ್ಕಿನ ಒಂಬತ್ತು ರೋಗಿಗಳ ನೋವಿನ ಪುಸ್ತಕಗಳೂ ಡಾಕ್ಟರಮ್ಮನ ಮೇಜಿನ ಮೇಲಿದ್ದವು. ಕಾಂಪೌಂಡರನ್ನು ಬೀರುವಿನ ಕೀಲಿಯ ಬಗ್ಗೆ ಹೇಳಿಕೆ ಬರೆಸಬೇಕೆಂದು ದಫೇದಾರರು ಠಾಣೆಗೆ ಕರೆದೊಯ್ದಿದ್ದರು. ಒಂದು ಕೀಲಿಯ ಬಗ್ಗೆ ಎರಡು ತಾಸು ಮಾತಾಡುವ ಸಾಮರ್ಥ್ಯ ಅವರಿಗೆ ಜನ್ಮತಃ ಬಂದಿತ್ತು.

ಇನ್‌ಸ್ಪೆಕ್ಟರ್ ಪುಸ್ತಕಗಳನ್ನು ಸಾಲಾಗಿ ತೆರೆದಿಟ್ಟರು, ಎಲ್ಲದರಲ್ಲೂ ಎಂಟು ವಾರದ ಹಿಂದಿನ ಪುಟ. ಸಿರಪ್ ಕುಡಿಯುವ ನಾಲ್ವರ ಅಂಕಿಗಳಲ್ಲಿ ಏನೂ ಬದಲಾಗಿರಲಿಲ್ಲ. ಮಾತ್ರೆ ನುಂಗುವವರು ಐವರು. ಡ್ರೈವರದ್ದು ಏರಿತ್ತು. ಇನ್ನೂ ಮೂವರದ್ದು ಏರಿತ್ತು.

"ಮೈ ಒಗ್ಗಿಕೊಳ್ಳೋದು ಎಲ್ರಿಗೂ ಒಂದೇ ಸಲ ಆಗುತ್ತಾ?"

"ಇಲ್ಲ. ಒಬ್ಬರಿಗೆ ಮೂರು ತಿಂಗಳು, ಇನ್ನೊಬ್ಬರಿಗೆ ಮೂರು ವರ್ಷ." ಡಾಕ್ಟರಮ್ಮನ ಬೆರಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಯಿತು. "ನಾಲ್ವರಿಗೂ ಅದೇ ವಾರ. ಅದೇ ಶುಕ್ರವಾರ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬೊಬ್ಬರನ್ನೇ ನೋಡ್ತಿದ್ದೆ. ಒಬ್ಬೊಬ್ಬರ ಪುಸ್ತಕವನ್ನೇ ನೋಡ್ತಿದ್ದೆ. ಒಟ್ಟಿಗೆ ಯಾವತ್ತೂ ಇಟ್ಟು ನೋಡಲೇ ಇಲ್ಲ ನಾನು. ಅವರು ಮದ್ದೇ ಇಲ್ಲ ಅಂತ ಅಳ್ತಿದ್ರು, ನಾನು ಒಗ್ಗಿಹೋಗಿದೆ ಅಂತ ಬರೀತಿದ್ದೆ."

ಇನ್‌ಸ್ಪೆಕ್ಟರ್ ಅವರಿಗೆ ಸಮಾಧಾನ ಹೇಳಲಿಲ್ಲ. ಅದು ಅವರ ಕೆಲಸವಲ್ಲ, ಮತ್ತು ಡಾಕ್ಟರಮ್ಮ ಹೇಳಿದ್ದು ನಿಜವಾಗಿತ್ತು. "ಆ ಮೂವರಿಗೆ ಮುಂದಿನ ಪೊಟ್ಟಣ ನೀವೇ ಕಟ್ಟಿ. ಒಂದೇ ಮಾತ್ರೆಗೆ ಒಗ್ಗಿದ ಮೈ ಅಂತ ತಿಳ್ಕೊಂಡು ಕಟ್ಟಿ," ಎಂದರು. ಆಮೇಲೆ ಕೊನೆಯ ಪುಸ್ತಕವನ್ನು ಮುಂದಕ್ಕೆ ಸರಿಸಿದರು. "ಇದನ್ನ ನೋಡಿ."

ಮಾತ್ರೆ ನುಂಗುವ ಐದನೆಯವರ ಪುಸ್ತಕ. ಅದೇ ವಾರ ಎಂಟರಿಂದ ಐದಕ್ಕೆ ಇಳಿದಿತ್ತು. ಆಮೇಲೆ ಮೂರು. ಒಂದೆರಡು ಕಡೆ ಎರಡು. ಅಕ್ಷರ ದುಂಡಗೆ, ಒತ್ತಿ ಬರೆದದ್ದು, ಒಂದು ಹೊತ್ತೂ ತಪ್ಪಿರಲಿಲ್ಲ.

"ಯಾರು ಇವರು?"

ಡಾಕ್ಟರಮ್ಮ ಪುಸ್ತಕದ ಹೊದಿಕೆ ತಿರುಗಿಸಿ ಹೆಸರು ನೋಡಿದರು. "ನಮ್ಮ ಕಾಂಪೌಂಡರ್ ಅಕ್ಕ."

ಅವಳ ಕಡತವನ್ನು ಅವರೇ ತೆಗೆದುಕೊಟ್ಟರು. ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಕೆಲಸ, ಬೆನ್ನಿನ ಮೂರು ಮಣಿ ಕುಸಿದಿವೆ. ಹೊತ್ತಿಗೆ ನಾಲ್ಕು ಮಾತ್ರೆ. ಎಂಟು ವಾರದ ಹಿಂದಿನ ಬುಧವಾರ ಡಾಕ್ಟರಮ್ಮನ ಕೈಬರಹದಲ್ಲಿ ಒಂದು ಸಾಲಿತ್ತು: 'ಇನ್ನು ಹೆಚ್ಚಿಸುವುದಿಲ್ಲ. ತಿಂಗಳ ನಂತರ ನಿಧಾನವಾಗಿ ಇಳಿಸಿ ಔಷಧ ಬದಲಿಸುವುದು. ತಮ್ಮನಿಗೆ ತಿಳಿಸಲಾಗಿದೆ.'

"ತಿಳಿಸಿದಾಗ ಏನಂದ?"

"ಏನೂ ಅನ್ನಲಿಲ್ಲ. ಸರಿ ಮೇಡಂ ಅಂದ. ಅವನು ಯಾವಾಗಲೂ ಹಾಗೇ." ಡಾಕ್ಟರಮ್ಮ ಪುಸ್ತಕದ ಕೊನೆಯ ಪುಟಗಳನ್ನು ತಿರುವಿದರು. ಅವರ ಕೈ ಅಲ್ಲೇ ನಿಂತಿತು. ಮೂರಾಗಿದ್ದದ್ದು ನಾಲ್ಕಾಗಿತ್ತು, ಐದಾಗಿತ್ತು, ಕಳೆದ ವಾರ ಏಳು, ನಿನ್ನೆ ಎಂಟು. "ಒಗ್ಗಿಹೋಗಿದೆ," ಎಂದರು ಮೆಲ್ಲಗೆ. "ಇದು ನಿಜವಾಗ್ಲೂ ಒಗ್ಗಿಹೋಗಿರೋದು."

ಮಂಗಳವಾರ ಹನ್ನೊಂದು ಐದಕ್ಕೆ ಪ್ರಯೋಗಾಲಯದಿಂದ ಫೋನು. ಮಡಚಿದ ಪೊಟ್ಟಣಗಳಲ್ಲಿ ತಲಾ ಒಂದು ಮಾರ್ಫಿನ್, ಮೂರು ಬರೀ ಕ್ಯಾಲ್ಸಿಯಂ. ಪಿನ್ನಿನವುಗಳಲ್ಲಿ ನಾಲ್ಕೂ ಮಾರ್ಫಿನ್. ಲಿಖಿತ ವರದಿ ಹಿಂದೆಯೇ ಬರುತ್ತದೆ. ಇನ್‌ಸ್ಪೆಕ್ಟರ್ ಪೆನ್ನು ತೆಗೆದರು.

ಹನ್ನೆರಡು ನಲವತ್ತಕ್ಕೆ ಅವರು ಕಾಂಪೌಂಡರ್ ಮನೆಯ ಬಾಗಿಲಲ್ಲಿದ್ದರು. ಅಕ್ಕನಿಗೆ ಮಧ್ಯಾಹ್ನದ ಮಾತ್ರೆ ಕೊಡಲು ಅವನು ದಿನಾ ಒಂದು ಗಂಟೆಯ ಹೊತ್ತಿಗೆ ಮನೆಗೆ ಬರುತ್ತಾನೆಂದು ನರ್ಸು ಹೇಳಿದ್ದಳು. ಒಂದೇ ದೊಡ್ಡ ಕೋಣೆ, ಹಿಂದೆ ಅಡುಗೆಮನೆ. ಕಿಟಕಿಗೆ ಒತ್ತಿ ಹಾಕಿದ ಗಟ್ಟಿ ಮಂಚದ ಮೇಲೆ ಐವತ್ತೈದರ ಹೆಂಗಸು ಒಂದು ಮಗ್ಗುಲಿಗೆ ಮಲಗಿದ್ದಳು. ಮುಂಗೈಯ ತುಂಬ ಹಳೆಯ ಸುಟ್ಟ ಕಲೆಗಳು. ಮೂಲೆಯಲ್ಲಿ ಇಸ್ತ್ರಿ ಮೇಜು, ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಬಿಳಿ ಅಂಗಿ.

"ಬನ್ನಿ ಸಾರ್, ಕೂತ್ಕೊಳ್ಳಿ. ಇವನು ಏನಾದ್ರೂ ಮಾಡ್ಕೊಂಡನಾ?" ಎಂದಳು ಅಕ್ಕ. ತಮಾಷೆಗೆ ಕೇಳಿದ್ದು.

ತಮ್ಮ ನೀರಿನ ಲೋಟ ಹಿಡಿದು ನಿಂತಿದ್ದ. ಇನ್‌ಸ್ಪೆಕ್ಟರ್ ಅವನ ಹತ್ತಿರ ಹೋಗಿ ದನಿ ತಗ್ಗಿಸಿದರು.

"ಪೊಟ್ಟಣ ಬದಲಾಯಿಸಿದ್ದು ನೀನೇನಾ?"

"ಇಲ್ಲ ಸಾರ್."

"ಈ ಹೊತ್ತಿಗೆ ಅಕ್ಕನಿಗೆ ಎಷ್ಟು ಮಾತ್ರೆ?"

"ನಾಲ್ಕು. ಕಡತದಲ್ಲಿದೆ ನೋಡಿ."

"ನೋಡಿದೀನಿ. ಸರಿ ಹಾಗಾದ್ರೆ. ನಿನ್ನನ್ನ ಠಾಣೆಗೆ ಕರ್ಕೊಂಡು ಹೋಗ್ಬೇಕು, ಇವತ್ತು ವಾಪಸ್ ಬರೋದು ಆಗಲ್ಲ. ನರ್ಸಿಗೆ ಹೇಳಿದೀನಿ, ಕಡತದಲ್ಲಿ ಇರೋ ಹಾಗೆ ನಾಲ್ಕು ನಾಲ್ಕು ಮಾತ್ರೆ ಅವಳೇ ಬಂದು ಕೊಡ್ತಾಳೆ. ಬಾ."

ಅವನು ಕದಲಲಿಲ್ಲ. ಔಷಧದ ಜೊತೆ ಇಪ್ಪತ್ತು ವರ್ಷ ಕಳೆದವನಿಗೆ, ಇಷ್ಟು ದಿನ ನುಂಗಿದ್ದನ್ನು ಒಂದೇ ಸಲ ನಾಲ್ಕಕ್ಕೆ ಇಳಿಸಿದರೆ ನಾಳೆ ಬೆಳಗಾಗುವುದರೊಳಗೆ ಅಕ್ಕನ ಗತಿ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್‌ಸ್ಪೆಕ್ಟರ್ ಕಾದರು. ಹೀಗೆ ಹೆದರಿಸಿದ್ದಕ್ಕೆ ಅವರಿಗೇ ಹೇಸಿಗೆಯಾಯಿತು, ಆದರೂ ಕಾದರು.

"ಹದಿನಾಲ್ಕು," ಎಂದ ಅವನು.

"ಏನು?"

"ಹದಿನಾಲ್ಕು ಸಾರ್. ಹೊತ್ತಿಗೆ ಹದಿನಾಲ್ಕು ಕೊಡಬೇಕು. ನಾಲ್ಕು ಕೊಟ್ರೆ ಅವಳು ತಡ್ಕೊಳ್ಳಲ್ಲ. ಮೇಡಂಗೆ ಹೇಳಿ, ಒಂದೇ ಸಲ ಇಳಿಸಬಾರದು. ದಯವಿಟ್ಟು ಮೇಡಂಗೆ ಹೇಳಿ."

ಮಂಚದ ಮೇ­ಲಿನಿಂದ ಅಕ್ಕ ನೋಡುತ್ತಿದ್ದಳು. ಕೋಣೆ ಅಷ್ಟು ಸಣ್ಣದು, ದನಿ ತಗ್ಗಿಸಿ ಪ್ರಯೋಜನವಿರಲಿಲ್ಲ.

"ಮೇಡಂ ಬೇರೆ ಮಾತ್ರೆ ಬರೆದಿದಾರೆ, ಸಣ್ಣ ಡೋಸು, ಅದಕ್ಕೇ ಜಾಸ್ತಿ ನುಂಗಬೇಕು ಅಂದ್ಯಲ್ಲೋ," ಎಂದಳು.

"ಹೂಂ, ಅಂದೆ."

"ಯಾರದ್ದು ಇವೆಲ್ಲ?"

ಅವನು ಲೋಟ ಕೆಳಗಿಟ್ಟ. ದಫೇದಾರರು ಹೇಳಿದರು, ಅವರಿಗೆ ಒಗ್ಗದ ಸಣ್ಣ ದನಿಯಲ್ಲಿ: ನಾಲ್ಕು ಜನ, ಅವರಲ್ಲೊಬ್ಬರು ಡ್ರೈವರು, ಶುಕ್ರವಾರ ಹೀಗಾಯಿತು. ಅಕ್ಕ ಮೊದಲು ಕೇಳಿದ್ದು, "ಅವರು ಬದುಕಿದಾರಾ?" ಎಂದು. ಬದುಕಿದ್ದಾರೆ ಎಂದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಾಗೆ ತಿರುಗುವುದಕ್ಕೆ ಅವಳಿಗೆ ಸುಮಾರು ಹೊತ್ತು ಹಿಡಿಯಿತು. "ಡಾಕ್ಟರಿಗೆ ತೋರಿಸೋಕೆ ಹೋದಾಗ ಕ್ಲಿನಿಕ್ಕಲ್ಲಿ ಅವರ ಪಕ್ಕದಲ್ಲೇ ಕೂರ್ತಿದ್ದೆ ನಾನು. ರಾತ್ರಿಯೆಲ್ಲ ನೋವು ಅಂತ ಹೇಳೋರು. ನನಗೀಗ ಪರವಾಗಿಲ್ಲ ಅಂತ ನಾನು ಹೇಳ್ತಿದ್ದೆ."

ಫೋನು ಮಾಡಿದ ಇಪ್ಪತ್ತು ನಿಮಿಷಕ್ಕೆ ಡಾಕ್ಟರಮ್ಮ ಚೀಲ ಹಿಡಿದು ತಾವೇ ಬಂದರು. ಕಾಂಪೌಂಡರ್ ಕಡೆ ಒಂದು ಸಲ ನೋಡಿ, ಎಂಟು ವಾರದ ಒಂದೊಂದು ವಾರಕ್ಕೂ ಎಷ್ಟೆಷ್ಟು ಕೊಟ್ಟೆ ಎಂದು ಕೇಳಿದರು. ಅವನು ಪಾಠ ಒಪ್ಪಿಸುವ ಹಾಗೆ ಹೇಳಿದ, ಅವರು ಬರೆದುಕೊಂಡರು. ಇಬ್ಬರೂ ಎಂದಿನ ಕೆಲಸದ ದನಿಯಲ್ಲೇ ಮಾತಾಡಿದರು. ಈ ಹೊತ್ತಿನ ಮದ್ದು ಕೊಟ್ಟಾಯಿತು. ನಾಳೆಯಿಂದ ಅಕ್ಕ ವಾರ್ಡಿನಲ್ಲಿ. ಸ್ವಲ್ಪಸ್ವಲ್ಪವಾಗಿ ಇಳಿಸಿ ಬೇರೆ ಮದ್ದಿಗೆ ತರಬೇಕು, ಎರಡು ತಿಂಗಳಾದರೂ ಹಿಡಿಯುತ್ತದೆ.

ಒಂದು ಮೂವತ್ತೈದಕ್ಕೆ ದಸ್ತಗಿರಿ. ಅಡುಗೆಮನೆಯಲ್ಲಿ ಅರ್ಧ ಖಾಲಿಯಾದ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಮತ್ತು ಮಡಚಿದ ಪೊಟ್ಟಣಗಳು ಜಪ್ತಿಯಾದವು. ಸೋಮವಾರ ನೋಡಿ ವಾಪಸ್ ಕಳಿಸಿದ್ದ ಅಕ್ಕನ ನೋವಿನ ಪುಸ್ತಕವೂ ಜಪ್ತಿಯಾಗಬೇಕಿತ್ತು. ದಫೇದಾರರು ಕೈಚಾಚಿದಾಗ ಅವಳು, "ಒಂದು ನಿಮಿಷ ಇರಿ," ಎಂದು ದಿಂಬಿನ ಕೆಳಗಿಂದ ಪೆನ್ನು ತೆಗೆದಳು. "ಬೆಳಗಿಂದು ಬರೆದಿಲ್ಲ. ಒಂದು ಹೊತ್ತೂ ತಪ್ಪಿಸಬೇಡ ಅಂದಿದಾರೆ ಡಾಕ್ಟರು." ಎಂಟು ಎಂದು ದುಂಡಗೆ ಬರೆದು ಕೊಟ್ಟಳು. ತಮ್ಮ ಬಾಗಿ ಆ ಅಂಕಿಯನ್ನು ನೋಡಿದ.

"ಆ ಬಿಳಿ ಅಂಗಿ ಹಾಕ್ಕೊಂಡು ಹೋಗೋ," ಎಂದಳು ಅಕ್ಕ. "ಮುದ್ದೆ ಅಂಗೀಲಿ ಜೈಲಿಗೆ ಹೋಗ್ಬೇಡ."

ಅವನು ತಲೆಯಾಡಿಸಿ, ಇದ್ದ ಅಂಗಿಯಲ್ಲೇ ಹೊರಟ.

ಠಾಣೆಯಲ್ಲಿ ಅವನ ಹೇಳಿಕೆ ಒಂದೂವರೆ ಪುಟವಾಯಿತು. ಯಾರನ್ನೂ ದೂರಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಅವಳು ಅವನನ್ನು ಓದಿಸಿದ್ದಳು. ಬೇರೆಯವರಿಂದ ಒಂದೊಂದೇ ಮಾತ್ರೆ ತೆಗೆದರೆ ಅವರಿಗೆ ಕೊಂಚ ನೋವು ಜಾಸ್ತಿಯಾದೀತು ಅಷ್ಟೇ, ಸಾಯುವುದಿಲ್ಲ ಎಂದುಕೊಂಡಿದ್ದ. ಅವರು ಅತ್ತಾಗಲೆಲ್ಲ ಮೇಡಂ ಜಾಸ್ತಿ ಬರೆದರು. ಅಕ್ಕನಿಗೂ ಅಷ್ಟೊತ್ತಿಗೆ ಜಾಸ್ತಿ ಬೇಕಾಗುತ್ತಿತ್ತು. ಜಾಸ್ತಿ ಬರೆದದ್ದನ್ನೂ ತೆಗೆದ. ಗುರುವಾರ ಮೂರು ಗಂಟೆಗೆ ಅಕ್ಕ ಬಿದ್ದಳೆಂದು ಓಡುವಾಗ ಡ್ರೈವರ ಪೊಟ್ಟಣ ಕಟ್ಟಿಲ್ಲವೆಂಬುದು ಅವನ ತಲೆಗೇ ಬರಲಿಲ್ಲ.

"ಆ ಅಂಗಿ ಏನು?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ತನಿಖೆಗೆ ಬೇಕಾದ ಪ್ರಶ್ನೆಯಲ್ಲ.

"ಮೂರನೇ ವಾರ ಸಾರ್. ಕೆಲಸದಿಂದ ಮನೆಗೆ ಹೋದ್ರೆ ಅಕ್ಕ ಎದ್ದು ನಿಂತಿದ್ಲು. ಒಂದು ಗಂಟೆ ನಿಂತ್ಕೊಂಡು ನನ್ನ ಅಂಗಿ ಇಸ್ತ್ರಿ ಮಾಡಿದ್ಲು. ನಾಲ್ಕು ವರ್ಷ ಆಗಿತ್ತು ಅವಳು ಇಸ್ತ್ರಿ ಮುಟ್ಟಿ. ಅದನ್ನ ಹಾಕ್ಕೊಂಡ್ರೆ ಮಡಿಕೆ ಹೋಗುತ್ತೆ ಅಂತ ಇಟ್ಟಿದೀನಿ."

ದೋಷಾರೋಪಣ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಏಳು ವಾರ ಕಳೆದಿತ್ತು. ಡಾಕ್ಟರಮ್ಮನ ಹೆಸರನ್ನು ಆರೋಪಿಯ ಜಾಗದಿಂದ ತೆಗೆದು ಸಾಕ್ಷಿಗಳ ಪಟ್ಟಿಗೆ ಸೇರಿಸಲಾಯಿತು. ಡ್ರೈವರು ಹೊತ್ತಿಗೆ ಎರಡು ಅಸಲಿ ಮಾತ್ರೆಯಲ್ಲಿ ಮತ್ತೆ ನಾಲ್ಕರ ಅಂಕಿಗೆ ಬಂದಿದ್ದರು. ಅಕ್ಕ ಬೇರೆ ಮದ್ದಿನಲ್ಲಿದ್ದಳು, ಅವಳ ಅಂಕಿ ಆರು.

ಅಪರಾಧದ ಉದ್ದೇಶ ಎಂಬ ಸಾಲಿನ ಮುಂದೆ ದಫೇದಾರರು 'ಸ್ವಂತ ಲಾಭಕ್ಕಾಗಿ' ಎಂದು ರೂಢಿಯಂತೆ ತುಂಬಿ ತಂದಿದ್ದರು. ಇನ್‌ಸ್ಪೆಕ್ಟರ್ ಜಪ್ತಿ ಮಾಡಿದ ಅಕ್ಕನ ನೋವಿನ ಪುಸ್ತಕ ತರಿಸಿಕೊಂಡು, ಬೆಳಿಗ್ಗೆಯೂ ಸಂಜೆಯೂ ಅಂಕಿ ನಾಲ್ಕಕ್ಕಿಂತ ಕೆಳಗಿದ್ದ ದಿನಗಳನ್ನು ಪೆನ್ಸಿಲಿನಿಂದ ಗುರುತು ಹಾಕಿ ಎಣಿಸಿದರು. ಎರಡನೆಯ ಸಲವೂ ಎಣಿಸಿದರು. ದಫೇದಾರರು ಬರೆದದ್ದನ್ನು ಹೊಡೆದುಹಾಕಿ, ಈ ಸಲ ನೇರವಾಗಿ ಪೆನ್ನಿನಲ್ಲೇ ಬರೆದರು: 'ಅಕ್ಕನ ನೋವು ಕಡಿಮೆ ಮಾಡಲು. ಕಡಿಮೆಯಾಗಿದ್ದು ಹತ್ತೊಂಬತ್ತು ದಿನ.'

ದಫೇದಾರರು ಅದನ್ನು ಓದಿ, ಕೆಳಗೆ ಠಾಣೆಯ ಮೊಹರು ಒತ್ತಿದರು.